ಅರ್ಧ ಡಿಗ್ರಿ

ಮಾರ್ಚ್ 3, ಸೋಮವಾರ

ಇವತ್ತೂ ಹನ್ನೊಂದು ಫ್ರೇಮ್. ನಾನು ಕತ್ತರಿಸಿದ ಒಂಬತ್ತರಲ್ಲೂ ಮೂಲೆಗೆ ಸಂದು. ಗೋಂದಿಗೆ ಮರದ ಪುಡಿ ಕಲಸಿ ತುಂಬಿದೆ, ಉಜ್ಜಿದೆ, ಪಾಲಿಶ್ ಹೊಡೆದೆ. ಗಿರಾಕಿಗೆ ಕಾಣುವುದಿಲ್ಲ. ನನಗೆ ಕಾಣುತ್ತದೆ.

ಮಾವ ಕತ್ತರಿಸಿದ ಎರಡರಲ್ಲಿ ಕೂದಲೂ ತೂರದು. ಮೇಜಿಗೆ ಕೂರಿಸಿದ ಅದೇ ಟೇಬಲ್ ಸಾ ಗರಗಸ, ಅದೇ ಬ್ಲೇಡ್, ಮರವನ್ನು ಓರೆಯಾಗಿ ಹಿಡಿದು ತಳ್ಳುವ ಅದೇ ಹಳೇ ಮೈಟರ್ ಗೇಜ್. ಅಮ್ಮನ ತಮ್ಮನ ಕೈಕೆಳಗೆ ಕೆಲಸಕ್ಕೆ ಸೇರಿ ಏಳು ವರ್ಷ. ಇನ್ನೂ ಇದೇ ಹಣೆಬರಹ. "ಕೈ ಅನ್ನೋದು ಹುಟ್ಟಿನಿಂದ ಬರ್ಬೇಕು ಕಣೇ," ಎನ್ನುತ್ತಾನೆ. ಬೈಯುವುದಿಲ್ಲ. ಬೈದಿದ್ದರೆ ವಾಸಿಯಿತ್ತು. ಗೋಂದಿನ ಡಬ್ಬಿ ನನ್ನ ಮುಂದೆ ಸರಿಸುತ್ತಾನೆ, ಅಷ್ಟೆ.

ಹೊಸ ಗೇಜ್ ತರಿಸುತ್ತಿದ್ದೇನೆ ಎಂದೆ. ಬೇರೆ ಕಂಪನಿಯದು, ನಮ್ಮ ಮೇಜಿಗೂ ಹೊಂದುತ್ತದಂತೆ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ!" ಎಂದು ನಕ್ಕ. ನಾನೂ ನಕ್ಕೆ. ಒಳಗೆ ಮೈಯೆಲ್ಲ ಉರಿಯಿತು.

ಮಾರ್ಚ್ 6, ಗುರುವಾರ, ಬೆಳಿಗ್ಗೆ

ಬಂತು! ಬಟ್ಟೆಯಿಂದ ಒರೆಸಿದೆ — ಧೂಳೇ ಇರಲಿಲ್ಲ, ಸುಮ್ಮನೆ. ಮೇಜಿನ ಮೇಲೆ ಒಂದಿಷ್ಟೂ ಅಲುಗದೆ ಜಾರುತ್ತದೆ. ಡಿಗ್ರಿ ಡಿಗ್ರಿಗೂ ಟಕ್ ಎಂದು ಕೂರುತ್ತದೆ. ಹಳೆಯದು ಇದರ ಮುಂದೆ ಸಡಿಲು ಹಲ್ಲು.

ಕೋನ ಅಳೆಯುವ ಮೂಲೆಮಟ್ಟ ಹಿಡಿದು ನಲವತ್ತೈದು ಡಿಗ್ರಿಗೆ ನಿಲ್ಲಿಸಿದೆ. ಎರಡು ತುಂಡು ಕತ್ತರಿಸಿ ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಸಂದಿಲ್ಲ. ಇನ್ನೆರಡು. ಸಂದಿಲ್ಲ. ಹುಚ್ಚಿಯ ಹಾಗೆ ಇಪ್ಪತ್ತು ತುಂಡು ಕತ್ತರಿಸಿದೆ. ಒಂದರಲ್ಲೂ ಇಲ್ಲ.

ನನ್ನ ಕೈ ಸರಿಯಿದೆ. ದೇವರೇ, ನನ್ನ ಕೈ ಸರಿಯಿದೆ!

ಮಾವ ತಿರುಗಿಸಿ ಮುರುಗಿಸಿ ನೋಡಿದ. ಖುಷಿಪಡುತ್ತಾನೆ ಅಂದುಕೊಂಡಿದ್ದೆ. "ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ್ನಂತೆ. ನೋಡೋಣ ಬಿಡು, ಎಷ್ಟು ದಿನ," ಎಂದು ಹಳೇ ಗೇಜ್ ಎತ್ತಿಕೊಂಡು ತನ್ನ ಕೆಲಸಕ್ಕೆ ಹೋದ.

ಅದೇ ದಿನ, ಸಂಜೆ

ಬರೆಯಲೋ ಬೇಡವೋ... ಬರೆಯುತ್ತೇನೆ.

ಮಾವ ಟೀಗೆ ಹೋದಾಗ ಹಳೇ ಗೇಜಿಗೂ ಮೂಲೆಮಟ್ಟ ಇಟ್ಟೆ. ನಲವತ್ತೈದಕ್ಕೆ ಅರ್ಧ ಡಿಗ್ರಿ ಕಮ್ಮಿ. ಸವೆದಿದೆ ಅಂದುಕೊಂಡೆ. ಅಡಿ ಮೇಲೆ ಮಾಡಿ ನೋಡಿದರೆ, ಅದನ್ನು ಅಲ್ಲಿ ನಿಲ್ಲಿಸುವ ಸ್ಕ್ರೂ ಭದ್ರವಾಗಿದೆ. ಎಣ್ಣೆ ಬಿಟ್ಟು ನಟ್ ಬಿಗಿದಿದೆ. ಸವೆತವಲ್ಲ, ಯಾರೋ ಅಲ್ಲಿಗೇ ಇಟ್ಟಿದ್ದಾರೆ.

ಹಾಗಿದ್ದರೆ ಮಾವನ ಮೂಲೆ ಹೇಗೆ ಕೂಡುತ್ತದೆ?

ಅವನ ಇಸ್ಪೀಟೆಲೆ! ಕತ್ತರಿಸುವ ಮುಂಚೆ ಜೇಬಿನಿಂದ ಮಡಿಸಿದ ಒಂದು ಇಸ್ಪೀಟೆಲೆ ತೆಗೆದು ಮರಕ್ಕೂ ಗೇಜಿಗೂ ನಡುವೆ, ಒಂದು ತುದಿಗೆ ಸಿಕ್ಕಿಸುತ್ತಾನೆ. ಏಳು ವರ್ಷದಿಂದ ನೋಡುತ್ತಿದ್ದೇನೆ. ಒಮ್ಮೆ ಕೇಳಿದ್ದೆ. "ಮರ ಜಾರ್ಬಾರ್ದು ಅಂತ. ನಿಂಗ್ಯಾಕೆ ಅದು, ನಿನ್ನ ಹಿಡಿತ ಗಟ್ಟಿ ಇದೆ," ಎಂದಿದ್ದ. ಹೊಗಳಿದ ಅಂತ ಹಿಗ್ಗಿದ್ದೆ. ಎಂಥಾ ಪೆದ್ದಿ ನಾನು.

ಎಲೆ ಅವನ ಮೇಜಿನ ಮೇಲೇ ಇತ್ತು. ಸಿಕ್ಕಿಸಿ ಕತ್ತರಿಸಿದೆ. ಮೂಲೆ ಕೂಡಿತು. ತೆಗೆದು ಕತ್ತರಿಸಿದೆ. ಸಂದು. ಆ ಅರ್ಧ ಡಿಗ್ರಿಯನ್ನು ಎಲೆ ತುಂಬಿಸುತ್ತದೆ. ಅವನಿಗೆ ಮಾತ್ರ.

ಎಲೆಯನ್ನು ಇದ್ದ ಹಾಗೇ ಇಟ್ಟು ಬಂದೆ.

ಮಾರ್ಚ್ 8, ಶನಿವಾರ

ಕೇಳಿಯೇಬಿಟ್ಟೆ. ಶಟರ್ ಅರ್ಧ ಎಳೆದು, ಗೇಜ್ ಅವನ ಮುಂದಿಟ್ಟೆ.

"ಇದು ಕೆಟ್ಟಿತ್ತಾ ಮಾವ, ಕೆಡಿಸಿದ್ಯಾ?"

ಕನ್ನಡಕ ತೆಗೆದು ಒರೆಸಿದ, ಹಾಕಿದ, ಮತ್ತೆ ತೆಗೆದ.

"ನೀನು ಬಂದು ಎರಡು ತಿಂಗಳು ಆಗಿತ್ತು ಅಷ್ಟೆ. ನನ್ನ ಕೈನೇ ಮೀರಿಸೋ ಹಾಗಿದ್ದೆ. ನನ್ನ ಕಣ್ಣು ಆಗ್ಲೇ ಮಂಜು ಮಂಜು. ಕಲಿತು ಹೊರಟೋದ್ರೆ ನನ್ನ ಗತಿ ಏನು ಹೇಳು?"

"ಇರೇ ಪುಟ್ಟಿ ಅಂತ ಒಂದು ಮಾತು ಕೇಳಿದ್ರೆ ಇರ್ತಿರ್ಲಿಲ್ವಾ ಮಾವ ನಾನು?"

ಕನ್ನಡಕ ಮತ್ತೆ ಒರೆಸತೊಡಗಿದ.

ಮೂರು ವರ್ಷದ ಹಿಂದೆ ಕಿಟಕಿ ಕಾರ್ಖಾನೆಯ ಮೇಡಂ ತಾವಾಗಿ ಬಂದು ಕೆಲಸಕ್ಕೆ ಕರೆದಿದ್ದರು. 'ನನ್ನ ಕೈ ಇನ್ನೂ ಕೂತಿಲ್ಲ ಮೇಡಂ' ಅಂತ ನನ್ನ ಬಾಯಾರೆ ನಾನೇ ಹೇಳಿದೆ. ಮಾವ ಪಕ್ಕದಲ್ಲೇ ನಿಂತು ಪಾಪ ಎನ್ನುವ ಹಾಗೆ ತಲೆಯಾಡಿಸಿದ್ದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಿಕೊಳ್ಳಲಿ.

"ನಂಬಿಸಿ ಕುತ್ತಿಗೆ ಕೊಯ್ದುಬಿಟ್ಯಲ್ಲ ಮಾವ," ಎಂದೆ. ಮಾವ ಅತ್ತುಬಿಟ್ಟ. ಅವನು ಅಳುವುದನ್ನು ಅಜ್ಜಿ ಹೋದಾಗಲೂ ನೋಡಿರಲಿಲ್ಲ.

ಮಾರ್ಚ್ 15, ಶನಿವಾರ

ಒಂದು ವಾರ ಪೆನ್ನು ಮುಟ್ಟಲಿಲ್ಲ. ಕೆಲಸಕ್ಕೆ ಹೋದೆ, ಬಂದೆ. ಇಬ್ಬರ ನಡುವೆ ಮಾತಾಡಿದ್ದು ಮೆಷಿನ್ ಒಂದೇ.

ನಿನ್ನೆ ಧೈರ್ಯ ಮಾಡಿ ಕಿಟಕಿ ಕಾರ್ಖಾನೆಗೆ ಫೋನ್ ಮಾಡಿದೆ. ಮೇಡಂಗೆ ನೆನಪಿತ್ತು! ಸೋಮವಾರ ಬಂದು ಒಂದು ಚೌಕಟ್ಟು ಮಾಡಿ ತೋರಿಸಬೇಕಂತೆ. ನನ್ನ ಗೇಜೇ ತರಬಹುದಂತೆ.

ಮುಚ್ಚಿಡುವುದು ನನ್ನಿಂದಾಗದು. ಮಾವನಿಗೆ ಹೇಳಿದೆ. ಕೂಗಾಡಲಿಲ್ಲ. "ಹೋಗೇ ಪುಟ್ಟಿ. ಮಾಡಿದ್ದು ಸಾಕು, ಇನ್ನು ಅಡ್ಡ ಬರಲ್ಲ," ಎಂದ. ತಾನೇ ನನ್ನ ಹೊಸ ಗೇಜ್ ಒರೆಸಿ, ಎಣ್ಣೆ ಕೊಟ್ಟು, ತನ್ನ ಹಳೇ ಅಂಗಿಯಲ್ಲಿ ಸುತ್ತಿ, ದಾರ ಕಟ್ಟಿಕೊಟ್ಟ. ದಾರಕ್ಕೆ ಎರಡೆರಡು ಗಂಟು.

ನನ್ನ ಮನಸ್ಸೋ, ಬೆಣ್ಣೆ. ಕರಗಿಯೇ ಹೋಯಿತು. ಅವತ್ತು ನಾನಾಡಿದ ಮಾತು ಹೆಚ್ಚಾಯಿತೇನೋ ಅಂತ ದಾರಿಯುದ್ದಕ್ಕೂ ಅನ್ನಿಸಿತು.

ಮಾರ್ಚ್ 17, ಸೋಮವಾರ, ಸಂಜೆ ಆರು

ಗಂಟು ಕಾರ್ಖಾನೆಯಲ್ಲೇ ಬಿಚ್ಚಿದ್ದು. ಮೇಡಂ, ಇನ್ನೂ ನಾಲ್ಕು ಜನ ಸುತ್ತ ನಿಂತಿದ್ದರು. ಮೊದಲ ಮೂಲೆ ಕತ್ತರಿಸಿ ಜೋಡಿಸಿದೆ.

ಸಂದು.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ನಾಚಿಕೆಗೇಡು — ಆಗ ನನಗೆ ಮೊದಲು ಅನ್ನಿಸಿದ್ದು 'ನನ್ನ ಕೈ' ಅಂತಲೇ. ಏಳು ವರ್ಷ ಕುಡಿದ ವಿಷ, ಎಲ್ಲಿ ಹೋಗುತ್ತದೆ.

"ಒಂದು ನಿಮಿಷ ಮೇಡಂ," ಎಂದು ಮೂಲೆಮಟ್ಟ ಕೇಳಿ ತೆಗೆದುಕೊಂಡೆ. ಅರ್ಧ ಡಿಗ್ರಿ ಕಮ್ಮಿ. ಬಸ್ಸಿನ ಕುಲುಕಾಟವಲ್ಲ. ನಟ್ ಬಿಚ್ಚಲು ಪಾನಾ ಹಾಕಿ ಎರಡೂ ಕೈ ಕೊಡಬೇಕಾಯಿತು, ಅಷ್ಟು ಬಿಗಿ. ಅಂಗಿಯಲ್ಲಿ ಸುತ್ತುವ ಮುಂಚೆ ಮಾವ ಬೇಕೆಂದೇ ತಿರುಗಿಸಿ ಬಿಗಿದದ್ದು.

ಸರಿಮಾಡಿದೆ. ನಾಲ್ಕು ಮೂಲೆ ಕತ್ತರಿಸಿ ಕೂಡಿಸಿದೆ. ಮೇಡಂ ಉಗುರು ಆಡಿಸಿ ನೋಡಿದರು. ಎಲ್ಲೂ ಸಿಕ್ಕಲಿಲ್ಲ. "ನಾಳೆ ಎಂಟಕ್ಕೆ ಬಂದ್ಬಿಡಿ," ಎಂದರು. ಕುಣಿದಾಡಬೇಕಿತ್ತು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ನೇರ ವರ್ಕ್‌ಶಾಪಿಗೆ ಹೋದೆ. ಬಾಗಿಲಲ್ಲೇ ಸ್ಟೂಲ್ ಹಾಕಿಕೊಂಡು ಕಾಯುತ್ತಿದ್ದ.

"ಏನಾಯ್ತೇ?"

ಅವನ ಮುಖ ನೋಡಬೇಕಿತ್ತು ನನಗೆ. ಅದಕ್ಕೇ ಸುಳ್ಳು ಹೇಳಿದೆ. "ಮೂಲೆ ಕೂಡ್ಲಿಲ್ಲ ಮಾವ."

ನೋಡಿದೆ. ಹಬ್ಬಿದ ಹಿಗ್ಗನ್ನು ನುಂಗಿಕೊಂಡ, ಆದರೆ ತಡವಾಗಿ. "ಹೋಗ್ಲಿ ಬಿಡೇ ಪುಟ್ಟಿ. ಎಲ್ರಿಗೂ ಎಲ್ಲಾ ಬರಲ್ಲ. ನಾನಿದ್ದೀನಲ್ಲ." ಒಳಗೆ ಹೋಗಿ ಟೀಗೆ ನೀರಿಟ್ಟ. ಗುನುಗುತ್ತಿದ್ದ! ನನ್ನ ಲೋಟಕ್ಕೆ ಸಕ್ಕರೆ ಎರಡು ಚಮಚ, ಮರೆಯದೆ.

ನಾಳೆ ಯಾವ ಮರ ಮೊದಲು ಮಾಡೋಣ ಅಂತ ಕೇಳಿದ.

ನಾಳೆ ನಾನು ಬರಲ್ಲ ಎಂದೆ.

"ಯಾಕೆ, ಮೈ ಹುಷಾರಿಲ್ವಾ?" ಎನ್ನುತ್ತಾ ಹಣೆ ಮುಟ್ಟಿ ನೋಡಿದ. ಅದೇ ಕೈ. ನಾನು ಆ ಕೈಯನ್ನು ಹಾಗೇ ಹಿಡಿದುಕೊಂಡು, "ನಟ್ ಬಿಚ್ಚಿ ಸರಿಮಾಡ್ಕೊಂಡೆ ಮಾವ, ಮೂಲೆ ಕೂಡ್ತು, ನಾಳೆಯಿಂದ ಕಾರ್ಖಾನೆಗೆ," ಎಂದೆ.