ಗುಂಯ್‌ಗುಡುವ ಬಿಸಿಪಟ್ಟಿ

ಮಾರ್ಚ್ ೧೨, ಬುಧವಾರ
ಪ್ರಯೋಗಾಲಯ, ಕಿಟಕಿ ಪಕ್ಕದ ನಿನ್ನ ಹಳೆಯ ಮೇಜು

ಪ್ರೀತಿಯ ಅಕ್ಕಾ,

ನಿನ್ನ ಕೆಮ್ಮು ಹೇಗಿದೆ? ಭಾವನ ಬೆನ್ನುನೋವು? ಅಮ್ಮ ದಿನಾ ಕೇಳುತ್ತಾಳೆ. ನೀನು ಫೋನ್ ಎತ್ತುವುದಿಲ್ಲವಾದ್ದರಿಂದ ಎಲ್ಲರೂ ಚೆನ್ನಾಗಿದ್ದಾರೆಂದು ನಾನೇ ಹೇಳಿಬಿಡುತ್ತೇನೆ. ಮೇಷ್ಟ್ರ ಜೊತೆ ಜಗಳವಾಡಿ ಲ್ಯಾಬ್ ಬಿಟ್ಟವಳು ನೀನು. ಆ ಸಿಟ್ಟು ನನ್ನ ಮೇಲೇಕೆ?

ನಿನ್ನ ಅರ್ಧ ಕೆಲಸ ಈಗ ನನ್ನ ಕೊರಳಿಗೆ ಬಿದ್ದಿದೆ. ಒಂದು ನರಕೋಶ ಪಕ್ಕದ್ದರ ಮೇಲೆ ಗ್ಲೈಸಿನ್ ಎಂಬ ರಾಸಾಯನಿಕ ಸುರಿದು ‘ಸುಮ್ಮನಿರು’ ಎಂದು ಗದರುತ್ತದೆ, ಸುತ್ತಲಿನ ಗ್ಲಿಯಾ ಕೋಶಗಳು ತಮ್ಮ ಪಂಪುಗಳಿಂದ ಆ ಗ್ಲೈಸಿನ್ ಎಳೆದುಕೊಂಡು ಗದರಿಕೆಯನ್ನು ಬೇಗ ಮುಗಿಸುತ್ತವೆ, ಔಷಧ ಹಾಕಿ ಪಂಪು ಕಟ್ಟಿದರೆ ಅದು ಮುಗಿಯದೆ ಎಳೆಯುತ್ತದೆ: ಊಟಕ್ಕೆ ಕೂತರೂ ಇದನ್ನೇ ಹೇಳಿ ನನ್ನನ್ನು ಈ ಹುಚ್ಚಿಗೆ ಹಚ್ಚಿದವಳು ನೀನೇ. ನನ್ನ ಕೈಯಲ್ಲಿ ಅದು ಎಳೆಯುತ್ತಿಲ್ಲ. ಅದೇ ಇಲಿಯ ಬೆನ್ನುಹುರಿಯ ಹೋಳು, ಅದೇ ಔಷಧ. ಗದರಿಕೆಯನ್ನು ತೋರಿಸುವ ಪರದೆಯ ಮೇಲಿನ ಗೆರೆ ಮಾತ್ರ ಔಷಧ ಹಾಕಿದರೂ ಹಾಕದಿದ್ದರೂ ಅಷ್ಟೇ ಹೊತ್ತಿನಲ್ಲಿ ಇಳಿದುಬಿಡುತ್ತದೆ. ನಿನ್ನೆ ಮೇಷ್ಟ್ರು ನೋಡಿ, “ನಿಮ್ಮಕ್ಕ ಕಂಡಿದ್ದು ಕನಸು ಕಣಮ್ಮ, ಗ್ಲಿಯಾ ತನ್ನ ಪಾಡಿಗೆ ತಾನಿರುತ್ತೆ” ಎಂದರು. ತಿಂಗಳ ಕೊನೆಗೆ ಪ್ರಬಂಧದಿಂದ ನಿನ್ನ ಫಲಿತಾಂಶವನ್ನೂ ಹೆಸರನ್ನೂ ತೆಗೆಯುತ್ತಾರಂತೆ. ಸಾಕ್ಷಿಗೆ ನನ್ನ ಗೆರೆಗಳು. ನನ್ನ ಬೆರಳಿನಿಂದ ನಿನ್ನ ಕಣ್ಣು ಚುಚ್ಚಿಸುತ್ತಿದ್ದಾರೆ.

ನಾನೇನು ಬೇಕಾಬಿಟ್ಟಿ ಕೆಲಸ ಮಾಡಿಲ್ಲ. ದ್ರಾವಣ ನಾನೇ ಬೆರೆಸುತ್ತೇನೆ. ಯಂತ್ರಕ್ಕೆ ಗದ್ದಲ ಸೇರದಂತೆ ದೀಪ ಕೂಡ ಆರಿಸುತ್ತೇನೆ. ದ್ರಾವಣದ ಕೊಳವೆಗೆ ನೀನು ಸುತ್ತಿಟ್ಟಿದ್ದ ಆ ಗುಂಯ್‌ಗುಡುವ ಬಿಸಿಪಟ್ಟಿಯನ್ನು ಬಂದ ವಾರವೇ ಕಿತ್ತು ಕಪಾಟಿನ ಮೇಲೆಸೆದೆ. ಚಳಿ ತಡೆಯದೆ ಪಾತ್ರೆ ತೊಳೆಯಲೂ ಬಿಸಿನೀರು ಕೇಳುವವಳು, ಕೈ ಕಾಯಿಸಿಕೊಳ್ಳಲು ಮಾಡಿಕೊಂಡಿರಬೇಕು ಎಂದು ನಕ್ಕೆ ಕೂಡ.

ಭಾವನಿಗೆ ನಮಸ್ಕಾರ ತಿಳಿಸು. ನಿನಗೇನೂ ಇಲ್ಲ, ಉತ್ತರ ಬಂದರೆ ನೋಡೋಣ.

ನಿನ್ನ ಬಾಲ

ತಾ.ಕ.: ಬಿಸಿಪಟ್ಟಿಯ ಮಾತು ಬರೆದದ್ದೇ ತಲೆ ಕೊರೆಯತೊಡಗಿತು. ಎದ್ದು ಹೋಗಿ ಮತ್ತೆ ಕೊಳವೆಗೆ ಸುತ್ತಿದೆ. ದ್ರಾವಣ ಮೈಬಿಸಿಗೆ ಬಂದಮೇಲೆ ಔಷಧ ಬಿಟ್ಟೆ. ಗುಂಯ್ ಇದೆ, ಆದರೆ ಗೆರೆ ಎಳೆಯುತ್ತಿದೆ ಅಕ್ಕಾ, ಇಳಿಯಲು ಮನಸ್ಸೇ ಇಲ್ಲದಂತೆ. ನನ್ನ ತಣ್ಣನೆಯ ಹೋಳುಗಳಲ್ಲಿ ಪಂಪು ಚಳಿಗೆ ಮೊದಲೇ ಮಲಗಿತ್ತು. ಮಲಗಿದ್ದನ್ನು ಔಷಧ ಏನು ತಾನೇ ಕಟ್ಟೀತು? “ಬೆಚ್ಚಗಿಡು” ಎಂದೊಂದು ಮಾತು ಹೇಳಿ ಹೋಗಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಮೇಷ್ಟ್ರು ಪಕ್ಕದ ಕೋಣೆಯಲ್ಲೇ ಇದ್ದಾರೆ. ನಾನು ಹೇಳುವುದಿಲ್ಲ. ಫೋನ್ ಎತ್ತು, ನೀನೇ ಹೇಳು.