ನಿಮ್ಮ ಪೆಟ್ಟಿಗೆಯ ಒಂದು ಬೆರಳಿನ ಸಂದು

ಕ್ಲಬ್ಬಿನ ಗೌರವ ಕಾರ್ಯದರ್ಶಿಗಳೇ,

ನಿಮ್ಮ ಕ್ಲಬ್ಬಿನ ನೂರು ವರ್ಷದ ಇತಿಹಾಸ ಪುಸ್ತಕದ ಅರವತ್ತೊಂದನೇ ಪುಟದಲ್ಲಿ ತೀರಿಹೋದ ನನ್ನ ಭಾವನನ್ನು ‘ಅಕುಶಲ ಕೆಲಸಗಾರ’ ಎಂದು ಬರೆದಿದ್ದೀರಿ. ಆ ಮಾತು ಹೋಗಬೇಕು. ವಿಷಯ ಇಷ್ಟೇ; ಮುಂದಿನದೆಲ್ಲ ಕಾರಣ. ಇದನ್ನು ಪತ್ರಿಕೆಯಲ್ಲಿ ಬರೆಯುವ ಆಸೆ ನನಗಿರಲಿಲ್ಲ. ನಾನು ದರ್ಜಿ; ಅಕ್ಷರ ಕಲಿತದ್ದು ಗಿರಾಕಿಗಳ ಅಳತೆ ಬರೆದುಕೊಳ್ಳುವುದಕ್ಕೆ. ಆಮೇಲೆ ನೆಂಟರಿಷ್ಟರಿಗೆ ಕಾಗದ ಬರೆದೂ ಬರೆದೂ ಕೈ ಪಳಗಿತು. ನಿಮಗೂ ಎರಡು ಕಾಗದ ಬರೆದೆ. ಸದಸ್ಯರಲ್ಲದವರ ಪತ್ರಗಳಿಗೆ ಉತ್ತರಿಸುವ ಪರಿಪಾಠವಿಲ್ಲವೆಂದು ನಿಮ್ಮ ಕಚೇರಿಯಿಂದ ಬಹಳ ಸೌಜನ್ಯದ ಉತ್ತರ ಬಂತು.

ಪುಸ್ತಕ ನನ್ನ ಕೈಗೆ ಬಂದದ್ದು ಹೀಗೆ. ನಿಮ್ಮ ಸದಸ್ಯರೊಬ್ಬರು ಶತಮಾನೋತ್ಸವದ ಕೋಟನ್ನು ಹೊಟ್ಟೆಯ ಹತ್ತಿರ ಸಡಿಲ ಮಾಡಿಸಲು ಬಂದವರು ಪುಸ್ತಕವನ್ನು ಅಂಗಡಿಯಲ್ಲೇ ಮರೆತರು. ಪೂರ್ತಿ ಓದಿ, ಕೋಟಿನ ಜೊತೆಗೇ ಹಿಂದಿರುಗಿಸಿದ್ದೇನೆ. ಒಳ್ಳೆಯ ಕಾಗದ, ಒಳ್ಳೆಯ ಹೊಲಿಗೆ. ಸದಸ್ಯರನ್ನು ಆರಿಸುವ ನಿಮ್ಮ ಪೆಟ್ಟಿಗೆಗೆ ಒಂದು ಇಡೀ ಅಧ್ಯಾಯ. ಸದಸ್ಯರು ಒಬ್ಬೊಬ್ಬರಾಗಿ ಬಂದು ಪೆಟ್ಟಿಗೆಯ ತೂತಿನಲ್ಲಿ ಕೈಯಿಟ್ಟು, ಒಪ್ಪಿಗೆಯಿದ್ದರೆ ಬಲಗಡೆಯ ಖಾನೆಗೆ, ಇಲ್ಲದಿದ್ದರೆ ಎಡಗಡೆಯ ಖಾನೆಗೆ ಒಂದು ಗುಂಡು ಬಿಡಬೇಕು. ಎಡಗಡೆ ಒಂದೇ ಒಂದು ಗುಂಡು ಸಿಕ್ಕರೂ ಅರ್ಜಿ ಹಾಕಿದವರು ಹೊರಗೆ. ಹೀಗೆ ಮೊದಮೊದಲ ವರ್ಷಗಳಲ್ಲಿ, ಜೋರಾಗಿ ನಗುತ್ತಾರೆಂದು ಒಬ್ಬ ವೈದ್ಯರನ್ನೂ, ಸೈಕಲ್ಲಿನಲ್ಲಿ ಬಂದರೆಂದು ಒಬ್ಬ ಮೇಷ್ಟ್ರನ್ನೂ ಹೊರಗಿಟ್ಟು ಕ್ಲಬ್ಬಿನ ಘನತೆ ಕಾಪಾಡಿದ್ದನ್ನು ಓದಿ ನನಗೂ ಮೈ ಜುಮ್ಮೆಂದಿತು.

ಈ ಪೆಟ್ಟಿಗೆ ಸ್ಥಾಪಕರ ಜೊತೆ ಹಡಗಿನಲ್ಲಿ ಬಂದದ್ದು, ‘ಪರದೇಶದ ಕುಶಲಕರ್ಮಿಗಳ ಕೈಚಳಕ’ ಎಂದು ಹನ್ನೆರಡನೇ ಪುಟ ಹೇಳುತ್ತದೆ. ಹಡಗಿನಲ್ಲಿ ಒಂದು ಪೆಟ್ಟಿಗೆ ಬಂದದ್ದು ನಿಜ. ಅದನ್ನು ಗೆದ್ದಲು ತಿಂದದ್ದೂ ಅಷ್ಟೇ ನಿಜ. ಈಗ ಮುಂದಿನ ಹಜಾರದಲ್ಲಿ ಗಾಜಿನೊಳಗೆ ನೀವು ಇಟ್ಟಿರುವುದು ನಿಮ್ಮ ಬಡಗಿಯಾಗಿದ್ದ ನನ್ನ ಭಾವ ಇಪ್ಪತ್ತೆರಡು ವರ್ಷದ ಹಿಂದೆ ಒಂಬತ್ತು ದಿನದಲ್ಲಿ ಮಾಡಿದ್ದು. ಗುಂಡು ಬಿದ್ದ ಸದ್ದು ಕೇಳಿ ಎಡವೋ ಬಲವೋ ಎಂದು ಯಾರೂ ಊಹಿಸಬಾರದು ಎಂದು ಆಗಿನ ಕಾರ್ಯದರ್ಶಿಗಳು ಹೇಳಿದ್ದರು. ಬಿಲಿಯರ್ಡ್ಸ್ ಮೇಜಿನಿಂದ ಕಿತ್ತು ಎಸೆದಿದ್ದ ಹಸಿರು ಬಟ್ಟೆಯನ್ನು ನಾನು ಕತ್ತರಿಸಿಕೊಟ್ಟೆ. ಆ ತೂತಿನಲ್ಲಿ ಮೊಣಕೈವರೆಗೆ ಹೋಗುವಂಥ ಸಣ್ಣ ಕೈ ನನ್ನ ಅಕ್ಕನದೊಂದೇ. ಒಳಗೆ ಬಟ್ಟೆ ಅಂಟಿಸಿದವಳು ಅವಳು.

ಕೆಲಸ ಶುರು ಮಾಡುವ ಮೊದಲು ಭಾವ ಆ ಕಾರ್ಯದರ್ಶಿಗಳ ಹತ್ತಿರ ಒಂದು ಗುಂಡು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ.

“ಸಾರ್, ಒಂದೇ ಒಂದು ಗುಂಡು ಕೊಡಿ, ಅಳತೆ ನೋಡಿ ವಾಪಸ್ ಕೊಡ್ತೀನಿ.”

“ಅದನ್ನ ಸದಸ್ಯರು ಬಿಟ್ರೆ ಯಾರೂ ಮುಟ್ಟೋ ಹಾಗಿಲ್ಲಯ್ಯ.”

“ಮುಟ್ಟಲ್ಲ ಬಿಡಿ, ದೂರದಿಂದ್ಲೇ ತೋರ್ಸಿ.”

“ನೀನು ಪೆಟ್ಟಿಗೆ ಮಾಡು ಸಾಕು.”

“ಹಂಗಾದ್ರೆ ಪೆಟ್ಟಿಗೆ ಇಡೋ ಮೇಜಾದ್ರೂ ನೋಡ್ಲಾ?”

“ಸಭೆ ಕೋಣೆಗೆ ಕೆಲಸದವರು ಬರೋದು ಯಾವತ್ತಿಂದ ಶುರುವಾಯ್ತು?”

ಮಳೆಗಾಲಕ್ಕೆ ಮರ ಉಬ್ಬುತ್ತದೆ. ಅದಕ್ಕೆ ಜಾಗ ಬಿಡದಿದ್ದರೆ ಹಲಗೆ ಸೊಟ್ಟಗಾಗುತ್ತದೆ. ಎರಡು ಖಾನೆಗಳ ನಡುವಿನ ಹಲಗೆಯ ತಳದಲ್ಲಿ ಭಾವ ಒಂದು ಬೆರಳಿನಷ್ಟು ಸಂದು ಬಿಟ್ಟರು. ಗುಂಡು ಎಂದರೆ ನಿಂಬೆಹಣ್ಣಿನಷ್ಟಾದರೂ ಇದ್ದೀತು ಎಂದುಕೊಂಡಿದ್ದರು, ಪಾಪ. ನಿಮ್ಮ ಗುಂಡು ಗೋಲಿಯಷ್ಟು. ಪೆಟ್ಟಿಗೆಯನ್ನು ಅವರು ರಸಮಟ್ಟ ಇಟ್ಟು, ಯಾವ ಕಡೆಗೂ ವಾಲಿಲ್ಲವೆಂದು ನೋಡಿಯೇ ಕೊಟ್ಟಿದ್ದರು. ನಿಮ್ಮ ಸಭೆಯ ಮೇಜು ಬಲಕ್ಕೆ ವಾಲಿತ್ತು. ಎಡಕ್ಕೆ ಬಿದ್ದ ಗುಂಡೆಲ್ಲ ಸಂದಿಯಲ್ಲಿ ತೂರಿ, ಅಕ್ಕ ಅಂಟಿಸಿದ ಬಟ್ಟೆಯ ಮೇಲೆ ಸದ್ದಿಲ್ಲದೆ ಉರುಳಿ ಬಲಗಡೆ ಸೇರುತ್ತಿತ್ತು. ಇಪ್ಪತ್ತೆರಡು ವರ್ಷ ನಿಮ್ಮ ಕ್ಲಬ್ಬು ಯಾರನ್ನೂ ಬೇಡವೆನ್ನಲಿಲ್ಲ. ಆ ಕಾಲವನ್ನು ನಿಮ್ಮ ಪುಸ್ತಕ ‘ಸೌಹಾರ್ದದ ಸುವರ್ಣಯುಗ’ ಎಂದು ಕರೆದಿದೆ.

ಇಪ್ಪತ್ತೆರಡು ವರ್ಷ ಯಾರಿಗೂ ಅನುಮಾನ ಬರಲಿಲ್ಲವೇ? ಬಂದೇ ಬಂದಿರುತ್ತದೆ. ಎಡಕ್ಕೆ ಹಾಕಿದವರಿಗೆಲ್ಲ ತಾವು ಹಾಕಿದ್ದು ಗೊತ್ತಿತ್ತು. ಆದರೆ “ನನ್ನ ಗುಂಡೆಲ್ಲಿ?” ಎಂದು ಕೇಳಬೇಕಾದರೆ, ಹಾಕಿದವನು ನಾನೇ ಎಂದು ಒಪ್ಪಿಕೊಳ್ಳಬೇಕಲ್ಲ? ಹೊಸಬರ ಕೈ ಕುಲುಕಿ, ಬೆನ್ನು ತಟ್ಟಿ, ಹಲ್ಲು ಕಚ್ಚಿಕೊಂಡು ಕೂತರು. ಇಂಥ ಸೌಹಾರ್ದ ಬೇರೆಲ್ಲಿ ಸಿಕ್ಕೀತು?

ಈಗ ಶತಮಾನೋತ್ಸವಕ್ಕೆ ಪಾಲಿಶ್ ಮಾಡಲು ಬಂದವನು ಪೆಟ್ಟಿಗೆ ಮಗುಚಿ ಸಂದು ಕಂಡ. ನೀವು ಮರದ ಪಟ್ಟಿ ಬಡಿಸಿ ಮುಚ್ಚಿದಿರಿ. ಪುಸ್ತಕದಲ್ಲಿ ‘ಅಕುಶಲ ಕೆಲಸಗಾರನೊಬ್ಬನ ಅಜಾಗರೂಕತೆಯಿಂದ ಪೆಟ್ಟಿಗೆಗೆ ಆಗಿದ್ದ ಊನವನ್ನು ಸರಿಪಡಿಸಲಾಗಿದೆ’ ಎಂದು ಸೇರಿಸಿದಿರಿ. ಚೆಂದಕ್ಕೆ ಪರದೇಶದವರು, ಸಂದಿಗೆ ನನ್ನ ಭಾವ. ಅಳತೆ ಕೊಡದೆ ಅಂಗಿ ಹೊಲಿಸಿಕೊಂಡು, ಕಂಕುಳಲ್ಲಿ ಬಿಗಿಯಾಯಿತೆಂದು ರೇಗುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಅವರು ಅದನ್ನು ಅಚ್ಚು ಹಾಕಿಸುವುದಿಲ್ಲ.

ಅಕ್ಕನಿಗೆ ಎಂಬತ್ತನಾಲ್ಕು. ಮೊಮ್ಮಗಳು ಆ ಪುಟ ಓದಿ ಹೇಳಿದಳು.

“ಅಕುಶಲ ಅಂದ್ರೆ ಏನೇ?” ಎಂದಳು ಅಕ್ಕ.

“ಕೆಲಸ ಬಾರದವರು ಅಂತ, ಅಜ್ಜಿ.”

ಅಕ್ಕ ಎದ್ದು ಹೋಗಿ ಭಾವ ಮಾಡಿದ ಅಡುಗೆಮನೆಯ ಬಾಗಿಲನ್ನು ತೆರೆದಳು, ಮುಚ್ಚಿದಳು. “ಐವತ್ತು ಮಳೆಗಾಲ ಕಂಡಿದೆ ಇದು. ಒಂದು ದಿನ ಹಿಡ್ಕೊಂಡಿದೆಯಾ, ಕಿರ್ ಅಂದಿದೆಯಾ?” ಎಂದು ನನ್ನ ಕಡೆ ತಿರುಗಿದಳು. “ಕಾಗದ ಬರೀತೀಯಲ್ಲ, ಬರಿಯೋ ಅವರಿಗೆ.” ಆ ದಿನ ಅವಳು ಊಟಕ್ಕೆ ಕೂರಲಿಲ್ಲ.

ಮರುದಿನ ಪೆಟ್ಟಿಗೆ ನೋಡಲು ಇಬ್ಬರೂ ಬಂದೆವು. ನಿಮ್ಮ ದ್ವಾರಪಾಲಕರು ಒಳ್ಳೆಯವರು. “ಯಾವ ಸದಸ್ಯರ ಅತಿಥಿ ಅಮ್ಮಾ?” ಎಂದರು. ಅಕ್ಕ, “ಬಡಗಿ ಮನೆಯೋರು” ಎಂದಳು. “ಹಾಗಾದ್ರೆ ಹಿಂದಿನ ಗೇಟಿಗೆ ಹೋಗಿ” ಎಂದರು. ಹಿಂದಿನ ಗೇಟಿನಿಂದ ಮುಂದಿನ ಹಜಾರಕ್ಕೆ ದಾರಿಯಿಲ್ಲವಂತೆ.

ಮುನ್ನುಡಿಯಲ್ಲಿ ತಾವು ಹೆಮ್ಮೆಯಿಂದ ಬರೆದುಕೊಂಡಿದ್ದೀರಿ: ‘ಒಂದೂ ವಿರೋಧವಿಲ್ಲದೆ ನಾನು ಈ ಸಂಸ್ಥೆಗೆ ಸೇರಿದೆ.’ ಇಸವಿಯನ್ನೂ ಕೊಟ್ಟಿದ್ದೀರಿ. ಲೆಕ್ಕ ಹಾಕಿದೆ, ಸಂದಿನ ಕಾಲದ ಹನ್ನೊಂದನೇ ವರ್ಷ. ತಮ್ಮ ಹೆಸರಿಗೆ ಬಿದ್ದ ಗುಂಡುಗಳು ಎಲ್ಲಿಂದ ಎಲ್ಲಿಗೆ ಉರುಳಿದವೋ ನಾನರಿಯೆ. ಆದರೆ ಎರಡರಲ್ಲಿ ಒಂದು ಆಗಬೇಕು. ನನ್ನ ಭಾವ ಅಕುಶಲರೇ ಆಗಿದ್ದರೆ, ಆ ಇಪ್ಪತ್ತೆರಡು ವರ್ಷದಲ್ಲಿ ಒಳಗೆ ಬಂದವರೆಲ್ಲ, ಮೊದಲು ತಾವು, ಸರಿಪಡಿಸಿದ ಪೆಟ್ಟಿಗೆಯ ಮುಂದೆ ಇನ್ನೊಮ್ಮೆ ನಿಲ್ಲಿ. ಅದು ಬೇಡವೆಂದರೆ ಆ ಪದವನ್ನು ಹೊಡೆದುಹಾಕಿ, ‘ಈ ಪೆಟ್ಟಿಗೆ ನಮ್ಮ ಬಡಗಿಯ ಕೆಲಸ’ ಎಂದು ಗಾಜಿನ ಮೇಲೆ ಬರೆಸಿ.

ಏನೇ ಮಾಡಿ, ಆ ಗಾಜನ್ನು ಒಂದು ಗಳಿಗೆ ತೆಗೆದಿಡಿ. ಪಟ್ಟಿ ಬಡಿಯುವಾಗ ಒಳಗಿನ ಬಟ್ಟೆ ಎದ್ದಿರಬಹುದೆಂದು ಅಕ್ಕನಿಗೆ ಚಿಂತೆ. ಅವಳ ಕೈ ಈಗಲೂ ಸಣ್ಣದೇ, ತೂತಿನಲ್ಲಿ ಹೋಗುತ್ತದೆ. ಎದ್ದಿದ್ದರೆ ಅಂಟಿಸಿಕೊಟ್ಟು ಬರುತ್ತಾಳಂತೆ. ಗೋಂದು ನಾವೇ ತರುತ್ತೇವೆ. ಮುಂಬಾಗಿಲಿನಿಂದ.

ಇಂತಿ,
ತಮ್ಮನ್ನು ಒಳಗೆ ಬಿಟ್ಟ ಬಡಗಿಯ,
ಹೊರಗೇ ನಿಂತಿರುವ ಬಾಮೈದ