ಮೂರನೆಯ ರಾತ್ರಿಯ ಗಸಗಸೆ ಪಾಯಸ

ಅಣ್ಣಾ,

ನೀನು ನೋಡದ ನಿನ್ನ ಸೋದರ ಸೊಸೆಗೆ ಈಗ ಆರು ತಿಂಗಳು. ಇಳಕಲ್ಲಿನ ತವರಿನಲ್ಲಿ ಬಾಣಂತನ ಮುಗಿಸಿ ಹುನಗುಂದದ ಈ ಮನೆಗೆ ಬಂದಾಗಿನಿಂದ ಅವಳು ಮಲಗುತ್ತಾಳೆ, ನನಗೆ ನಿದ್ದೆಯಿಲ್ಲ. ಅವಳ ಮೂಗಿನ ಮುಂದೆ ಬೆರಳು ಹಿಡಿದು ಉಸಿರು ನೋಡುತ್ತೇನೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತೇನೆ. ಬಾಗಲಕೋಟೆಯ ಕಾಲೇಜಿನಲ್ಲಿ ಕಲಿತದ್ದು ಯಾವುದೂ ಇಲ್ಲಿ ಉಪಯೋಗಕ್ಕಿಲ್ಲ. ಹೀಗೆ ನಿದ್ದೆಗೆಟ್ಟು ಕೂತಾಗ ನಿನ್ನನ್ನು ಬಿಟ್ಟು ಇನ್ನಾರು ನೆನಪಾಗಬೇಕು?

ಅಪ್ಪ ಊಟಕ್ಕೆ ಕೂತಲ್ಲೇ ಅಂದ ಮಾತು ನೆನಪಿದೆಯೇ? ಮ್ಯಾಟ್ರಿಕ್ ಎರಡು ಸಲ ಕೂತು ಎದ್ದ ನೀನು, ಮನೆಯ ಮುಂದಿನ ಖೋಲಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಡುತ್ತೇನೆ ಎಂದು ಕೇಳಿದ್ದೆ. "ಒಂದು ಕೆಲಸಾನೂ ಕಡೀತನಕ ಮಾಡಿದಾವಲ್ಲ ನೀ. ಸಾಲಿ ಬಯಲಾಗ ಮೂರು ದಿನ ಮೂರು ರಾತ್ರಿ ಕಾಲು ಊರದಂಗ ಸೈಕಲ್ ಹೊಡದು ತೋರಸು, ಖೋಲಿ ನಿಂದು" ಅಂದ ಅಪ್ಪ. ಆಗ ಊರೂರಿಗೆ ಅಂಥ ಸವಾರರು ಬರುತ್ತಿದ್ದರಲ್ಲ, ಸೈಕಲ್ ಮೇಲೆಯೇ ಉಂಡು, ಮಿಂದು, ಹಗಲೂ ರಾತ್ರಿ ಕಂಬ ಸುತ್ತುವವರು. ಅಪ್ಪ ಹಂಗಿಸಲು ಆಡಿದ ಮಾತನ್ನು ನೀನು ಕರಾರು ಎಂದು ಹಿಡಿದೆ.

ಎರಡನೆಯ ದಿನಕ್ಕೆ ಅರ್ಧ ಊರೇ ಬಯಲಿನಲ್ಲಿತ್ತು. "ಲೇ, ಇಷ್ಟು ತುಳದಿದ್ರ ಇಷ್ಟೊತ್ತಿಗೆ ಬಾದಾಮಿ ಮುಟ್ಟತಿದ್ದೆಲೊ" ಎಂದು ನಿನ್ನ ಗೆಳೆಯರು ಕೂಗಿದರೆ, "ಮುಟ್ಟಿ, ಬನಶಂಕರಿಗೆ ಕಾಯಿ ಒಡಿಸಿಕೊಂಡು ಹೊಳ್ಳಿ ಬಂದೇನಿ. ಪ್ರಸಾದ ಬೇಕೇನು?" ಅನ್ನುತ್ತಿದ್ದೆ. ಎಲ್ಲರೂ ಬಂದರು. ಅಪ್ಪ ಮಾತ್ರ...

ಮೂರನೆಯ ರಾತ್ರಿ ಅವ್ವ ದೊಡ್ಡ ಲೋಟ ಹಿಡಿದು ಬರಿಗಾಲಲ್ಲಿ ನಿನ್ನ ಸೈಕಲ್ ಪಕ್ಕ ಓಡಿದಳು. ಗಸಗಸೆ ಪಾಯಸ. ಅದು ನಿದ್ದೆ ತರುತ್ತದೆಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಬಳಲಿದ ಮಗನ ಒಡಲು ತಂಪಾಗಲಿ ಎನ್ನುವುದರ ಹೊರತು ಅವಳ ತಲೆಯಲ್ಲಿ ಬೇರೇನೂ ಇರಲಿಲ್ಲ. ಈ ಕಡೆಯಿಂದ ನಾನು "ಅಣ್ಣಾ, ಬ್ಯಾಡ" ಎಂದು ಪಿಸುಗುಟ್ಟಿದೆ. "ಸುಮ್ನಿರು. ಅರದು ಅರದು ಆಕಿ ಕೈ ಹೆಂಗಾಗ್ಯಾವ ನೋಡು" ಅಂದೆ ನೀನು. ಪೂರ್ತಿ ಕುಡಿದು ಲೋಟ ಚಾಚಿದೆ. "ಇನ್ನೊಂದೀಟ ಐತೇನಬೇ?"

ಬೆಳಗಿನ ಜಾವ ನಿನ್ನನ್ನು ಎಚ್ಚರ ಇಡುವ ಪಾಳಿ ನನ್ನದಾಗಿತ್ತು. ಪಕ್ಕದಲ್ಲಿ ನಡೆಯುತ್ತ ಊರುಗಳ ಹೆಸರು ಕೇಳುತ್ತಿದ್ದೆ. "ಹುನಗುಂದ ದಾಟಿದ ಮ್ಯಾಲೆ ಯಾವ ಊರು?" ನೀನು "ಅಮೀನ..." ಅಂದೆ. ಅಮೀನಗಡ ಪೂರ್ತಿಯಾಗುವ ಮೊದಲೇ ನಿನ್ನ ಕಣ್ಣು ಮುಚ್ಚಿತು. ಮುಂದಿನ ಗಾಲಿ ಹೊರಳಿತು, ನಿನ್ನ ಕಾಲು ಮಣ್ಣಿಗೆ ತಾಗಿತು. ಬಯಲಿನ ಅಂಚಿನಲ್ಲಿ ಕಂಬಳಿ ಹೊದ್ದು ಅಪ್ಪ ನಿಂತಿದ್ದ. ಕಡೆಗೂ ಬಂದಿದ್ದ. ಅವ್ವ ಓಡಿ ಬಂದು "ಏನಾತೋ?" ಅಂದಾಗ ನೀನು ನನ್ನತ್ತ ಒಮ್ಮೆ ನೋಡಿ ಹೇಳಿದೆ: "ಚೈನ್ ಬಿತ್ತಬೇ."

"ತನ್ನ ಚೈನ್ ಬಿಗಿ ಮಾಡಾಕ ಬರದಾವ ಮಂದಿ ಸೈಕಲ್ ಏನ್ ರಿಪೇರಿ ಮಾಡ್ತಾನ" ಎಂದು ಅಪ್ಪ ತಿರುಗಿ ಹೋದ. ಆಮೇಲೆ ಊರೆಲ್ಲ ಅದನ್ನೇ ಆಡಿತು. ನೀನು ಬಾದಾಮಿಗೆ ಹೋಗಿ ಬೇರೆಯವರ ಅಂಗಡಿಯಲ್ಲಿ ಪಂಕ್ಚರ್ ಹಾಕಿದೆ. ಕಾಮಾಲೆಯಾಗಿದೆ ಎಂಬ ಸುದ್ದಿ ನಮಗೆ ಮುಟ್ಟುವ ಹೊತ್ತಿಗೆ ನೀನಿರಲಿಲ್ಲ. ನಿನ್ನ ಆ ನೋಟಕ್ಕೆ ಕಟ್ಟುಬಿದ್ದು ನಾನು ಬಾಯಿ ಬಿಡಲಿಲ್ಲ. ಅಪ್ಪನಿಗೆ ಒಂದೇ ಒಂದು ಮಾತು ಹೇಳಿದ್ದರೆ ನೀನು ಊರು ಬಿಡುತ್ತಿದ್ದೆಯಾ? ಹೇಳಿದ್ದರೆ ಅವ್ವನನ್ನು ಯಾವ ಮುಖದಲ್ಲಿ ನೋಡಬೇಕಾಗಿತ್ತು?

ಇವತ್ತು ಸಂಜೆಯ ಬಸ್ಸಿಗೆ ಅವ್ವ ಬಂದಳು. ನನ್ನ ಕಣ್ಣು ನೋಡಿದವಳೇ ಗಸಗಸೆ ಅರೆಯಲು ಕೂತಳು. ಲೋಟ ಮುಂದಿಟ್ಟಾಗ ನನ್ನ ಕೈ ತಾನಾಗಿಯೇ ಹಿಂದೆ ಸರಿಯಿತು.

"ಕುಡಿ ಯವ್ವಾ. ನೀ ಏನ್ ಸೈಕಲ್ ಹೊಡೀಬೇಕಾಗಿಲ್ಲಲ್ಲ" ಅಂದಳು.

ನಾನು ತಲೆಯೆತ್ತಿ ಅವಳನ್ನು ನೋಡಿದೆ.

"ಆವತ್ತ ಅವನ ಸೈಕಲ್ ಮನಿತನಕ ನೂಕ್ಕೊಂಡು ಬಂದಾಕಿ ನಾ. ಚೈನ್ ಬಿಗಿಯಾಗೇ ಇತ್ತು."

"ಮತ್ಯಾಕ ಹೇಳಲಿಲ್ಲಬೇ?"

"ನನ್ನ ಸಲುವಾಗಿ ಹೇಳಿದ ಸುಳ್ಳು. ಖೋಲಿ ಅಂತೂ ಹೋಗಿತ್ತು; ನಂಗ ಗೊತ್ತೈತಿ ಅಂದಿದ್ರ ಅದೂ ಅವನ ಕೈಯಾಗ ಉಳೀತಿರಲಿಲ್ಲ." ಸೆರಗಿನಿಂದ ಕೈ ಒರೆಸಿಕೊಂಡಳು. "ಮುಂಜಾನೆ ಗಸಗಸಿ ಕಟ್ಟಿಕೊಳ್ಳೂ ಮುಂದ ಮನಸ ತಡೀಲಿಲ್ಲ. ನಿಮ್ಮಪ್ಪಗ ಎಲ್ಲಾ ಹೇಳಿದೆ."

"ಏನಂದ?"

"ಮುಂದಿನ ಖೋಲಿ ಕೀಲಿ ತಗದು ಒಳಗ ಹೋಗಿ ಕುಂತ. ನಾ ಬಸ್ಸಿಗೆ ಬರೂತನಕ ಹೊರಗ ಬರಲಿಲ್ಲ."

ಅಣ್ಣಾ, ನಿನಗೆ ತಿಳಿಯದ ಸುದ್ದಿ ಇದೇ. ಖೋಲಿ ತೆರೆದಿದೆ, ತಡವಾಗಿ. ಈಗ ಮಗು ಅವ್ವನ ಕಾಲ ಮೇಲೆ ಮಲಗಿದೆ. "ಉಸಿರು ನಾ ನೋಡ್ತೇನಿ, ನೀ ಮಲಗು" ಎಂದು ಅವಳು ಗೋಡೆಗೆ ಒರಗಿ ಎಚ್ಚರ ಕೂತಿದ್ದಾಳೆ. ಪಾಯಸ ಇನ್ನೂ ಬೆಚ್ಚಗಿದೆ. ಇದನ್ನು ಮಡಿಚಿಟ್ಟು ಪೂರ್ತಿ ಕುಡಿಯುತ್ತೇನೆ. ಕುಡಿದು, ಇನ್ನೊಂದೀಟು ಕೇಳುತ್ತೇನೆ.

ನಿನ್ನ ತಂಗಿ